ಮಂಡಿ ಮೊಹಲ್ಲಾದಲ್ಲಿ ಒಂದು ಎಡಗೈ

ಮೊದಲ ಸಲ ತಂದಾಗ ನನಗೆ ಅದೇನೆಂದೇ ತಿಳಿಯಲಿಲ್ಲ.
ಎತ್ತಿನ ಬಾಯಿಕುಕ್ಕೆಯೋ, ಗದ್ದೆಯ ಏಡಿಯೋ,
ಐದು ಬೆರಳು, ಒಂದೊಂದೂ ಹೀರೇಕಾಯಿ ಗಾತ್ರ,
ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಬಾರಿನ ಬಲೆ.
"ಗ್ಲೌಸು," ಅಂದ. "ಬೇಸ್‌ಬಾಲ್‌ದು. ಬಾರು ಕಿತ್ತಿದೆ."
"ಇನ್ನೊಂದೆಲ್ಲಿ?"
"ಒಂದೇ ಇರೋದು ಮಂಟಣ್ಣ, ಎಡಗೈಗೆ.
ಬಲಗೈ ಎಸೆಯೋಕೆ."
ಒಂಟಿ ಚಪ್ಪಲಿ ತಂದವರನ್ನು ಕಂಡಿದ್ದೆ.
ಒಂಟಿಯಾಗೇ ಹುಟ್ಟಿದ ಚರ್ಮ ಕಂಡದ್ದು ಅದೇ ಮೊದಲು.
ಹದಿನೈದು ರೂಪಾಯಿ ಅಂದೆ. ಹನ್ನೆರಡು ಕೊಟ್ಟ.

ಜವರಾಜು. ಪಾಂಡವಪುರದ ಕಡೆಯ ಹುಡುಗ.
ರಾಗಿ ತೆನೆ ಕಟ್ಟುವಾಗ ಅಟ್ಟಣೆ ಮೇಲೆ ನಿಂತು
ಕವಣೆ ಬೀಸಿ ಗಿಣಿ ಓಡಿಸಿದ ತೋಳು.
ಕಾಲೇಜಿನ ಪಿ.ಟಿ. ಮೇಷ್ಟ್ರು ಅವನನ್ನು
ಮೈದಾನದ ಕೊನೆಗೆ, ಬೇಲಿಯ ಹತ್ತಿರ ನಿಲ್ಲಿಸಿದರಂತೆ:
"ಇಲ್ಲೇ ನಿಂತಿರು. ಬಂದರೆ ಹಿಡಿ."
ಅಷ್ಟೇ ಪಾಠ.
ಅಷ್ಟನ್ನೇ ಹಿಡಿದು ಸಮುದ್ರ ದಾಟಿದ.

ಜಪಾನಿನ ತೆಂಕಣದ ಒಂದು ಊರು. ಹೆಸರು ಹೇಳಿದ್ದ,
ನನ್ನ ಬಾಯಲ್ಲಿ ನಿಲ್ಲಲಿಲ್ಲ. ಸಣ್ಣ ತಂಡ,
ಬಸ್ಸಿನಲ್ಲೇ ನಿದ್ದೆ, ಡಬ್ಬಿಯಲ್ಲಿ ತಣ್ಣನೆ ಅನ್ನ,
ನಾಲ್ಕು ವರ್ಷ ಸಂಬಳ. ಆಟಕ್ಕೆ ಸಂಬಳ!
ರಜೆಯಲ್ಲಿ ಬಂದಾಗ ತಂದದ್ದು ಬೇರೆ ಗ್ಲೌಸು,
ಒಳಗೆ ಅವರ ಅಕ್ಷರದಲ್ಲಿ ಅವನ ಹೆಸರು,
ಒದ್ದೆ ನೆಲದಲ್ಲಿ ಗುಬ್ಬಚ್ಚಿ ಕುಪ್ಪಳಿಸಿ ಹೋದ ಹಾಗೆ.
"ಅಲ್ಲಿ ರಿಪೇರಿ ಮಾಡೋರಿಲ್ವಾ?"
"ಇದಾನೆ ಒಬ್ಬ ಮುದುಕ. ಎಲ್ಲರೂ ಅವನಿಗೆ
ತಲೆ ಬಾಗಿ ಮೇಷ್ಟ್ರೇ ಅಂತಾರೆ."
ನಾನು ದಾರಕ್ಕೆ ಮೇಣ ಉಜ್ಜುತ್ತ ಕೂತೆ, ಏನೂ ಹೇಳಲಿಲ್ಲ.
ಆ ದಿನ ಹೊಲಿಗೆ ಒಂದಿಷ್ಟು ಒತ್ತಾಗಿಯೇ ಬಿತ್ತು.

ಚಪ್ಪಲಿ ನೋಡಿ ಆಳಿನ ನಡಿಗೆ ಹೇಳಬಲ್ಲೆ.
ಇದರ ಅಂಗೈ ಹೆಚ್ಚೇನೂ ಸವೆದಿರಲಿಲ್ಲ,
ಸವೆದದ್ದು ಮಣಿಕಟ್ಟಿನ ಅಂಚು,
ಮೊಣಕಾಲ ಮೇಲೆ ಊರಿ ಊರಿ ಕಾದ ಜಾಗ.
"ಮೂರು ಗಂಟೆ ನಿಂತರೆ ಎರಡು ಚೆಂಡು ಬರ್ತವೆ.
ಒಮ್ಮೊಮ್ಮೆ ಅದೂ ಇಲ್ಲ."
ಒಂದು ರಾತ್ರಿ ದೀಪದ ಬೆಳಕಿನಲ್ಲಿ ಚೆಂಡು ಕರಗಿಹೋಯಿತಂತೆ,
ಕೈ ಎತ್ತಿ ನಿಂತೇ ಇದ್ದ, ಬೆನ್ನ ಹಿಂದೆ ಬಿತ್ತು.
ಅಲ್ಲಿಯ ಜನ ಅಯ್ಯೋ ಅನ್ನುವುದು ನಮ್ಮ ಹಾಗೇ, ಅಂದ.
ಐದನೇ ವರ್ಷ ಕಾಗದ ಬರಲಿಲ್ಲ.
ಭುಜದೊಳಗೆ ಏನೋ ಹರಿದಿತ್ತು,
ನನ್ನ ಸೂಜಿಗೆ ಸಿಗುವ ಜಾಗವಲ್ಲ.

ಈಗ ಉದಯಗಿರಿಯ ಶಾಲೆಯಲ್ಲಿ ಸೀಟಿ ಊದುತ್ತಾನೆ.
ಹೋದ ತಿಂಗಳು ಹುಡುಗಿಯೊಬ್ಬಳನ್ನು ಕರೆತಂದ,
ಸನೋಬರ್, ಎಂಟನೇ ಕ್ಲಾಸು, ಎಡಚಿ.
"ಇವಳು ಎಸೆಯೋದು ಎಡಗೈಲಿ. ಬಲಗೈಗೆ ಬೇಕು.
ಅಂಗಡೀಲಿ ಏಳು ಸಾವಿರ ಅಂತಾರೆ.
ನನ್ನದನ್ನೇ ಬಿಚ್ಚಿ ಅಳತೆ ತಗೋ."
ಬಿಚ್ಚಲಾ? ಎರಡು ಸಲ ಕೇಳಿದೆ.
ರಸ್ತೆಯ ಕಡೆ ನೋಡುತ್ತ ಬಿಚ್ಚು ಅಂದ.

ಬೆರಳು ಬೆರಳಾಗಿ ಗೋಣಿ ಮೇಲೆ ಹರಡಿ
ಒಂದೊಂದನ್ನೂ ಮಗುಚಿ ಹಾಕಿ ಗೀಟು ಎಳೆದೆ,
ಕನ್ನಡಿಯೊಳಗಿನ ಕೈ. ಎಮ್ಮೆ ಚರ್ಮ, ಎರಡು ಪದರ,
ಆರು ದಿನ ಹಿಡಿಯಿತು.
ಅವನದನ್ನು ಮತ್ತೆ ಹೊಲಿದು ಗೂಟಕ್ಕೆ ತೂಗುಹಾಕಿದ್ದೇನೆ.
ಇನ್ನೂ ಒಯ್ದಿಲ್ಲ.

ಹೊಸ ಚರ್ಮ ಬಿಗಿ. ಒಳಗೆ ಚೆಂಡಿಟ್ಟು ಹಗ್ಗ ಸುತ್ತಿ
ರಾತ್ರಿ ದಿಂಬಿನಡಿ ಇಡಬೇಕಂತೆ, ಆಗ ಹದಕ್ಕೆ ಬರುತ್ತದೆ.
ನನ್ನ ಹತ್ತಿರ ಚೆಂಡೆಲ್ಲಿ? ಪಕ್ಕದ ಜ್ಯೂಸಿನ ಗಾಡಿಯಿಂದ
ಒಂದು ಮೂಸಂಬಿ ತಂದು ಇಟ್ಟು ಕಟ್ಟಿದೆ.
ರಾತ್ರಿಯಿಡೀ ಚರ್ಮವೂ ಹಣ್ಣೂ ಕಲೆತ ವಾಸನೆ.
ನಡುರಾತ್ರಿ ಹೆಂಡತಿ ಎದ್ದು ಕೇಳಿದಳು,
"ಅದೇನು ಕಾವು ಕೂತಿದೀಯ?"

ಬೆಳಿಗ್ಗೆ ಹಗ್ಗ ಬಿಚ್ಚಿದೆ, ಹಣ್ಣು ತೆಗೆದೆ.
ಬಾಯಿ ಮುಚ್ಚಲಿಲ್ಲ ಅದು.
ಸನೋಬರ್ ಬಂದಾಗ ಆ ಮೂಸಂಬಿ ಸುಲಿದು
ಮೂರು ಜನವೂ ತಿಂದೆವು, ಸ್ವಲ್ಪ ಹುಳಿ ಇತ್ತು.